ಹೊಸ ಕೋರ್ಸ್‌ಗೆ ಮೊದಲು ಹಳೆಯ ಬರಹ ತೆರೆಯಿರಿ

ಜೀವನಶೈಲಿ ಬ್ಲಾಗ್ ಬರೆಯುವವರು ಕಳುಹಿಸಿದ ಪ್ರಶ್ನೆಗಳಲ್ಲಿ ಐದನ್ನು ಈ ಬಾರಿ ಆರಿಸಿಕೊಂಡಿದ್ದೇನೆ. ಮೊದಲನೆಯ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಹಲವರು ಕೇಳಿದ್ದಾರೆ. ಹಾಗಾಗಿ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಎರಡು ವರ್ಷಗಳಿಂದ ಬ್ಲಾಗ್ ಬರೆಯುತ್ತಿದ್ದೇನೆ. ಮನೆಯ ಅಚ್ಚುಕಟ್ಟು, ಗಿಡಗಳು, ನಿದ್ದೆ, ಉಡುಪು, ಓದು ಹೀಗೆ ತೊಂಬತ್ತಕ್ಕೂ ಹೆಚ್ಚು ಬರಹಗಳಿವೆ. ದಿನಕ್ಕೆ ಮೂವತ್ತು ನಲವತ್ತು ಮಂದಿ ಬಂದರೆ ಹೆಚ್ಚು. ಎಸ್‌ಇಒ (ಹುಡುಕಾಟದಲ್ಲಿ ಪುಟ ಮೇಲೆ ಬರುವಂತೆ ಮಾಡುವ ಕೆಲಸ), ವಿಡಿಯೊ ಸಂಕಲನ, ವಿನ್ಯಾಸ ಎಂದು ಮೂರು ಕೋರ್ಸ್‌ಗಳಿಗೆ ಸೇರಿ ಮೂರನ್ನೂ ಅರ್ಧಕ್ಕೆ ಬಿಟ್ಟೆ. ಮೊದಲು ಏನನ್ನು ಕಲಿಯಲಿ?

ಉತ್ತರ: ಅರ್ಧಕ್ಕೆ ಬಿಟ್ಟೆನೆಂದು ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ. ಕೋರ್ಸ್ ರೂಪಿಸಿದವರು ಯಾವುದೋ ಬ್ಲಾಗ್‌ನ ತೊಂದರೆಯನ್ನು ಎದುರಿಗಿಟ್ಟುಕೊಂಡು ಪಾಠ ಕಟ್ಟಿರುತ್ತಾರೆ. ನಿಮ್ಮ ಬ್ಲಾಗ್‌ನ ತೊಂದರೆ ಎಲ್ಲಿದೆಯೆಂದು ನೀವಿನ್ನೂ ನೋಡಿಲ್ಲ, ಹಾಗಾಗಿ ಆ ಪಾಠ ಕೈಗೆ ಹತ್ತುವುದಿಲ್ಲ. ನಿಮ್ಮಲ್ಲಿ ತೊಂಬತ್ತು ಬರಹಗಳಿವೆ. ಮುಂದಿನ ಮೂರು ತಿಂಗಳಿಗೆ ಅವೇ ನಿಮ್ಮ ಪಠ್ಯಪುಸ್ತಕವಾಗಲಿ.

ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ನಿಮ್ಮ ಬ್ಲಾಗನ್ನು ನೋಂದಾಯಿಸಿ. ಅದು ಉಚಿತ. ಗೂಗಲ್ ಹುಡುಕಾಟದಲ್ಲಿ ನಿಮ್ಮ ಪುಟಗಳು ಎಷ್ಟು ಸಲ ಕಾಣಿಸಿಕೊಂಡವು, ಎಷ್ಟು ಜನ ಕ್ಲಿಕ್ ಮಾಡಿದರು, ಸರಾಸರಿ ಎಷ್ಟನೆಯ ಸ್ಥಾನದಲ್ಲಿದ್ದವು ಎಂಬ ಲೆಕ್ಕ ಅಲ್ಲಿ 16 ತಿಂಗಳವರೆಗೆ ಉಳಿದಿರುತ್ತದೆ. ನೀವು ಹುಡುಕಬೇಕಾದದ್ದು ಒಂದೇ ಒಂದು ಬಗೆಯ ಪುಟವನ್ನು: ಬಹಳ ಸಲ ಕಾಣಿಸಿಕೊಂಡಿದೆ, ಎಂಟರಿಂದ ಇಪ್ಪತ್ತರ ನಡುವಿನ ಸ್ಥಾನದಲ್ಲಿದೆ, ಆದರೆ ಕ್ಲಿಕ್ ತೀರಾ ಕಡಿಮೆ. ಅಂದರೆ ಜನ ನಿಮ್ಮ ಬಾಗಿಲವರೆಗೆ ಬಂದು ಒಳಗೆ ಕಾಲಿಡದೆ ಹೋಗುತ್ತಿದ್ದಾರೆ. ಆ ಪುಟದ ಮೇಲೆ ಕ್ಲಿಕ್ ಮಾಡಿದರೆ ಅವರು ಯಾವ ಪದಗಳನ್ನು ಟೈಪ್ ಮಾಡಿ ಹುಡುಕಿದರು ಎಂಬುದೂ ಕಾಣುತ್ತದೆ. ಮೊದಲ ಸಲ ಆ ಪಟ್ಟಿ ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು. ಓದುಗರು ನನ್ನನ್ನು ಏನು ಕೇಳುತ್ತಿದ್ದರು ಎಂಬುದು ಅವರದೇ ಮಾತಿನಲ್ಲಿ ಅಲ್ಲಿತ್ತು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ನಿಮ್ಮ ಬರಹದ ಶೀರ್ಷಿಕೆ ‘ಹಸಿರಿನೊಂದಿಗೆ ನನ್ನ ಪಯಣ’ ಎಂದಿರಲಿ. ಜನ ಹುಡುಕಿದ್ದು ‘ಮನೆಯೊಳಗಿನ ಗಿಡದ ಎಲೆ ಹಳದಿಯಾಗುವುದೇಕೆ’ ಎಂದು. ಉತ್ತರ ನಿಮ್ಮ ಬರಹದಲ್ಲಿ ಇದೆ, ಆದರೆ ಆರನೆಯ ಪ್ಯಾರಾದಲ್ಲಿ. ಅದಕ್ಕೂ ಮೊದಲು ನಿಮ್ಮ ಮೊದಲ ಕುಂಡದ ನೆನಪು, ಗಿಡಗಳು ಮನಸ್ಸಿಗೆ ಕೊಡುವ ನೆಮ್ಮದಿ ಎಲ್ಲವೂ ಬಂದುಹೋಗಿದೆ. ಈಗ ಶೀರ್ಷಿಕೆಯನ್ನು ‘ಗಿಡದ ಎಲೆ ಹಳದಿಯಾಗುತ್ತಿದೆಯೇ? ಮೊದಲು ಮಣ್ಣು ಮುಟ್ಟಿ ನೋಡಿ’ ಎಂದು ಬದಲಿಸಿ. ಮೊದಲ ಪ್ಯಾರಾದಲ್ಲೇ ಹೇಳಿಬಿಡಿ: ಬೆರಳನ್ನು ಎರಡು ಗೆಣ್ಣಿನಷ್ಟು ಆಳಕ್ಕೆ ಮಣ್ಣಿನಲ್ಲಿ ಇಳಿಸಿ, ಒದ್ದೆ ಹತ್ತಿದರೆ ನೀರು ಹಾಕುವುದನ್ನು ನಿಲ್ಲಿಸಿ, ಕುಂಡದ ತಳದ ರಂಧ್ರ ಮುಚ್ಚಿಕೊಂಡಿದೆಯೇ ನೋಡಿ. ಬೆಳಕು, ಗೊಬ್ಬರ, ಹಳೆಯ ಎಲೆಗಳು ತಾವಾಗಿ ಉದುರುವ ವಿಚಾರ ಬೇರೆ ಬೇರೆ ಉಪಶೀರ್ಷಿಕೆಗಳಡಿ ಬರಲಿ. ಮೊದಲ ಕುಂಡದ ನೆನಪನ್ನು ಅಳಿಸಬೇಡಿ. ಅದೇ ನಿಮ್ಮ ದನಿ. ಆ ಕುಂಡದ ಗಿಡ ಸತ್ತದ್ದು ನೀರು ಹೆಚ್ಚಾಗಿಯೇ ಆಗಿದ್ದರೆ ಆ ನೆನಪು ಎರಡನೆಯ ಪ್ಯಾರಾದಲ್ಲಿ ಚೆನ್ನಾಗಿ ಕೂರುತ್ತದೆ, ಓದುಗರೂ ನಿಮ್ಮನ್ನು ನಂಬುತ್ತಾರೆ.

ಉತ್ತರವನ್ನು ಮೇಲಕ್ಕೆ ತರಲು ಕಾರಣವಿದೆ. ಜನ ಪರದೆಯ ಮೇಲೆ ಹೇಗೆ ಓದುತ್ತಾರೆ ಎಂದು ವೆಬ್ ಬಳಕೆಯ ತಜ್ಞ ಜಾಕೋಬ್ ನೀಲ್ಸನ್ 1997ರಲ್ಲೇ ಪರೀಕ್ಷಿಸಿ ನೋಡಿದ್ದರು. ಭಾಗವಹಿಸಿದವರಲ್ಲಿ ಶೇಕಡ 79ರಷ್ಟು ಮಂದಿ ಹೊಸ ಪುಟದ ಮೇಲೆ ಮೊದಲು ಕಣ್ಣು ಹಾಯಿಸುತ್ತಿದ್ದರು, ಪದಪದವಾಗಿ ಓದುತ್ತಿರಲಿಲ್ಲ. 2006ರಲ್ಲಿ ಕಣ್ಣಿನ ಚಲನೆಯನ್ನೇ ಅಳೆದಾಗ, ಮೇಲಿನ ಒಂದೆರಡು ಸಾಲುಗಳನ್ನು ಅಡ್ಡಲಾಗಿ ನೋಡಿ ನಂತರ ಎಡ ಅಂಚಿನಲ್ಲೇ ಕೆಳಗಿಳಿಯುವ ಅಭ್ಯಾಸ ಕಂಡುಬಂತು. ಆದ್ದರಿಂದ ಉಪಶೀರ್ಷಿಕೆಯ ಮೊದಲ ಎರಡು ಪದಗಳಲ್ಲಿ ವಿಷಯ ಇರಲಿ. ‘ಇನ್ನೊಂದು ಮುಖ್ಯ ಸಂಗತಿ’ ಎಂಬ ಉಪಶೀರ್ಷಿಕೆ ಯಾರ ಕಣ್ಣನ್ನೂ ಹಿಡಿದು ನಿಲ್ಲಿಸುವುದಿಲ್ಲ.

ಆಮೇಲೆ ಈ ಬರಹದಿಂದ ನಿಮ್ಮದೇ ಎರಡು ಮೂರು ಬರಹಗಳಿಗೆ ಕೊಂಡಿ ಕೊಡಿ, ಅವುಗಳಿಂದ ಇದಕ್ಕೂ ಕೊಡಿ. ಕೊಂಡಿಯ ಮೇಲೆ ‘ಇಲ್ಲಿ ಕ್ಲಿಕ್ ಮಾಡಿ’ ಎಂದು ಬರೆಯುವ ಬದಲು ‘ಕುಂಡ ಬದಲಿಸುವ ಬಗೆ’ ಎಂದು ಬರೆಯಿರಿ. ಒಂದೇ ವಿಷಯದ ಎರಡು ಬಡಕಲು ಬರಹಗಳಿದ್ದರೆ ಸೇರಿಸಿ ಒಂದು ಮಾಡಿ, ಬಿಟ್ಟ ವಿಳಾಸಕ್ಕೆ ಬಂದವರು ಹೊಸದಕ್ಕೆ ತಲುಪುವಂತೆ 301 ಮರುನಿರ್ದೇಶನ ಹಾಕಿ. ತಿದ್ದಿದ ದಿನವನ್ನೂ ಆ ದಿನದ ಅಂಕಿಗಳನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಫಲ ಕಾಣಲು ಹಲವು ವಾರಗಳು ಬೇಕಾಗಬಹುದು. ಮರುದಿನವೇ ನೋಡಿ ಸೋಲಬೇಡಿ.

ವಾರಕ್ಕೊಂದು ಹಳೆಯ ಬರಹ ಸಾಕು. ಹೀಗೆ ಹನ್ನೆರಡು ಬರಹಗಳನ್ನು ತಿದ್ದುವ ಹೊತ್ತಿಗೆ ಶೀರ್ಷಿಕೆ ಕಟ್ಟುವುದು, ಆರಂಭ ಬರೆಯುವುದು, ಬರಹವನ್ನು ಜೋಡಿಸುವುದು, ಅಂಕಿಗಳನ್ನು ಓದುವುದು ಎಲ್ಲವೂ ಕೈಗೆ ಬಂದಿರುತ್ತದೆ. ಆಗಲೂ ಒಂದು ಕಡೆ ಎಡವುತ್ತಿದ್ದರೆ ಅದಕ್ಕೆ ಮಾತ್ರ ಕೋರ್ಸ್ ಹುಡುಕಿ. ಆ ಕೋರ್ಸನ್ನು ನೀವು ಮುಗಿಸುತ್ತೀರಿ, ಏಕೆಂದರೆ ಏನು ಕೇಳಬೇಕು ಎಂಬುದು ಆಗ ನಿಮಗೆ ಗೊತ್ತಿರುತ್ತದೆ.

ಪ್ರಶ್ನೆ: ನನ್ನ ಚಿತ್ರಗಳು ಮಂಕಾಗಿ, ಹಳದಿಯಾಗಿ ಬರುತ್ತವೆ. ಪುಟ ತೆರೆಯಲು ಬಹಳ ಹೊತ್ತು ಹಿಡಿಯುತ್ತದೆ ಎಂದು ಗೆಳತಿಯರು ದೂರುತ್ತಾರೆ. ಹೊಸ ಕ್ಯಾಮೆರಾ ಕೊಳ್ಳಬೇಕೇ?

ಉತ್ತರ: ಸದ್ಯಕ್ಕೆ ಬೇಡ. ಮೊದಲು ಮೊಬೈಲ್‌ನ ಲೆನ್ಸ್ ಒರೆಸಿ. ಕೋಣೆಯ ದೀಪಗಳನ್ನೆಲ್ಲ ಆರಿಸಿ. ಕಿಟಕಿಯ ಬೆಳಕಿಗೆ ನೀಲಿ ಛಾಯೆ ಇರುತ್ತದೆ, ಬಲ್ಬಿನ ಬೆಳಕಿಗೆ ಹಳದಿ ಛಾಯೆ. ಎರಡೂ ಬೆರೆತಾಗ ಬಿಳಿ ಯಾವುದು ಎಂಬುದು ಕ್ಯಾಮೆರಾಗೆ ತಿಳಿಯದೆ ಬಣ್ಣ ಕೆಡುತ್ತದೆ. ಮೇಜನ್ನು ಕಿಟಕಿಯ ಬಳಿಗೆ ಎಳೆದುಕೊಂಡು ಬೆಳಕು ಪಕ್ಕದಿಂದ ಬೀಳುವಂತೆ ನೋಡಿಕೊಳ್ಳಿ. ಇನ್ನೊಂದು ಪಕ್ಕದಲ್ಲಿ ಒಂದು ಬಿಳಿ ಹಾಳೆಯನ್ನು ನಿಲ್ಲಿಸಿದರೆ ನೆರಳು ಮೃದುವಾಗುತ್ತದೆ. ಪರದೆಯ ಮೇಲೆ ವಸ್ತುವನ್ನು ಮುಟ್ಟಿ ಫೋಕಸ್ ಮಾಡಿ, ಅಲ್ಲೇ ಬೆಳಕನ್ನು ಹೊಂದಿಸಿ. ಒಂದೇ ಬಟ್ಟಲನ್ನು ಒಂದೇ ಕಿಟಕಿಯ ಬಳಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತೆಗೆದು ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿ. ಯಾವ ಹೊತ್ತಿನ ಬೆಳಕು ನಿಮ್ಮದು ಎಂಬುದು ಅಂದೇ ತಿಳಿಯುತ್ತದೆ.

ಪುಟ ನಿಧಾನವಾಗುವುದಕ್ಕೂ ಬಹುಪಾಲು ಚಿತ್ರಗಳೇ ಕಾರಣವಿರಬಹುದು. 12 ಮೆಗಾಪಿಕ್ಸೆಲ್ ಚಿತ್ರವೊಂದು ಸುಮಾರು 4000 ಪಿಕ್ಸೆಲ್ ಅಗಲವಿರುತ್ತದೆ. ಬ್ಲಾಗ್‌ನಲ್ಲಿ ಅದು ಕಾಣುವ ಜಾಗ 800 ಪಿಕ್ಸೆಲ್ ಇದ್ದರೆ, 1600 ಅಗಲದ ಚಿತ್ರ ಒಳ್ಳೆಯ ಪರದೆಗಳಿಗೂ ಸಾಕು. ಅದನ್ನು ವೆಬ್‌ಪಿ ರೂಪದಲ್ಲಿ ಉಳಿಸಿ. ಗೂಗಲ್ 2010ರಲ್ಲಿ ತಂದ ಈ ರೂಪದಲ್ಲಿ ಕಡತ ಸಾಮಾನ್ಯವಾಗಿ ಜೆಪೆಗ್‌ಗಿಂತ ಚಿಕ್ಕದಾಗುತ್ತದೆ. ಪುಟದ ವೇಗ ಅಳೆಯುವ ಗೂಗಲ್ ಸಾಧನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ನಿಮ್ಮ ಪುಟದ ವಿಳಾಸ ಕೊಟ್ಟು ಪರೀಕ್ಷಿಸಿ. ಪುಟದ ಅತಿ ದೊಡ್ಡ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿಕೊಂಡರೆ ಗೂಗಲ್ ಲೆಕ್ಕದಲ್ಲಿ ಅದು ಉತ್ತಮ. ಓದುತ್ತಿರುವಾಗ ಸಾಲುಗಳು ಥಟ್ಟನೆ ಕೆಳಗೆ ಜಾರುತ್ತವೆಯಲ್ಲ, ಚಿತ್ರದ ಅಗಲ ಎತ್ತರಗಳನ್ನು ನಮೂದಿಸಿದರೆ ಆ ತೊಂದರೆಯೂ ಬಹುಮಟ್ಟಿಗೆ ತಪ್ಪುತ್ತದೆ.

ಇನ್ನೊಂದು ಮಾತು. ಚಿತ್ರಕ್ಕೆ ಪರ್ಯಾಯ ಪಠ್ಯ ಬರೆಯುವುದನ್ನು ಬಿಡಬೇಡಿ. ಕಣ್ಣು ಕಾಣದ ಓದುಗರಿಗೆ ಅವರ ಫೋನ್ ಓದಿ ಹೇಳುವುದು ಅದನ್ನೇ. ‘ಚಿತ್ರ 3’ ಎಂದು ಕೇಳಿಸಿದರೆ ಅವರಿಗೆ ಏನು ಸಿಕ್ಕಿತು? ‘ಕಿಟಕಿಯ ಬಳಿ ಮಣ್ಣಿನ ಕುಂಡ, ಕೆಳಗಿನ ಎರಡು ಎಲೆಗಳು ಹಳದಿಯಾಗಿವೆ’ ಎಂದು ಬರೆಯಲು ಅರ್ಧ ನಿಮಿಷ ಸಾಕು.

ಪ್ರಶ್ನೆ: ಪ್ರತಿ ಬರಹವೂ 2000 ಪದಗಳಿರಬೇಕು, ದಿನಕ್ಕೊಂದು ಬರಬೇಕು ಎನ್ನುತ್ತಾರೆ. ಅಷ್ಟು ಬರೆಯಲಾಗದೆ ಎಐ ಬಳಸೋಣವೆಂದುಕೊಂಡಿದ್ದೇನೆ. ಸರಿಯೇ?

ಉತ್ತರ: ಇಷ್ಟೇ ಪದಗಳಿರಬೇಕು ಎಂಬ ನಿಯಮ ತನ್ನಲ್ಲಿಲ್ಲವೆಂದು ಗೂಗಲ್ ತಾನೇ ಹೇಳಿದೆ. ಇಂಥ ನಂಬಿಕೆಗಳು ಬಹಳ ಕಾಲ ಬದುಕುತ್ತವೆ. ಪುಟದ ಮುಖ್ಯ ಪದಗಳನ್ನು ಪಟ್ಟಿಮಾಡುವ ಕೀವರ್ಡ್ ಮೆಟಾ ಟ್ಯಾಗ್ ಅನ್ನು ಶ್ರೇಯಾಂಕಕ್ಕೆ ಬಳಸುವುದಿಲ್ಲ ಎಂದು ಅದು 2009ರಲ್ಲೇ ಪ್ರಕಟಿಸಿದ್ದರೂ ಆ ಪೆಟ್ಟಿಗೆಯನ್ನು ಶ್ರದ್ಧೆಯಿಂದ ತುಂಬುವವರನ್ನು ಈಗಲೂ ಕಾಣುತ್ತೇನೆ.

ಎಐ ಬಗ್ಗೆ ನೇರವಾಗಿ ಹೇಳುತ್ತೇನೆ. ಓದುಗರಿಗೆ ಉಪಯೋಗವಾಗದ ಪುಟಗಳನ್ನು ಶ್ರೇಯಾಂಕಕ್ಕಾಗಿ ರಾಶಿ ರಾಶಿಯಾಗಿ ಉತ್ಪಾದಿಸುವುದನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ಸ್ಪ್ಯಾಮ್ ನೀತಿಯಡಿ ತಂದಿತು. ಅದನ್ನು ಬರೆದದ್ದು ಮನುಷ್ಯರೇ ಯಂತ್ರವೇ ಎಂಬುದು ಅಲ್ಲಿ ಮುಖ್ಯವಲ್ಲ. ಅದಕ್ಕೂ ಮೊದಲು, 2022ರ ಡಿಸೆಂಬರ್‌ನಲ್ಲಿ, ಪುಟಗಳ ಗುಣಮಟ್ಟ ಅಳೆಯುವವರಿಗೆ ಕೊಡುವ ಕೈಪಿಡಿಯಲ್ಲಿ ‘ಸ್ವಂತ ಅನುಭವ’ ಎಂಬ ಅಂಶವನ್ನು ಅದು ಸೇರಿಸಿತ್ತು. ಜೀವನಶೈಲಿಯ ಬರಹಕ್ಕೆ ಇದಕ್ಕಿಂತ ದೊಡ್ಡ ಬಂಡವಾಳವಿಲ್ಲ. ಕಪಾಟು ಜೋಡಿಸುವ ಹತ್ತು ಸೂತ್ರಗಳನ್ನು ಯಂತ್ರ ಕ್ಷಣದಲ್ಲಿ ಬರೆಯುತ್ತದೆ. ಜೋಡಿಸಿದ ಆರು ತಿಂಗಳ ನಂತರ ಯಾವ ಅರೆ ಮತ್ತೆ ಕಲಸಿಹೋಯಿತು, ಏಕೆ ಎಂಬುದು ನಿಮಗೊಬ್ಬರಿಗೇ ಗೊತ್ತು. ಕಾಗುಣಿತ ನೋಡಲು, ಓದುಗರು ಕೇಳಬಹುದಾದ ಪ್ರಶ್ನೆಗಳನ್ನು ಊಹಿಸಲು ಎಐ ಬಳಸಿ. ಅನುಭವ ಮಾತ್ರ ನಿಮ್ಮದೇ ಆಗಿರಲಿ. ಆಗ ಹದಿನೈದು ದಿನಕ್ಕೊಂದು ಬರಹ ಬಂದರೂ ನಡೆಯುತ್ತದೆ.

ಪ್ರಶ್ನೆ: ಸಾಮಾಜಿಕ ಜಾಲತಾಣದಲ್ಲಿ ನನಗೆ ಸಾಕಷ್ಟು ಅನುಯಾಯಿಗಳಿದ್ದಾರೆ. ಹಾಗಿದ್ದೂ ಇಮೇಲ್ ಪಟ್ಟಿ ಬೇಕೇ? ಒಂದು ಕಂಪನಿ ಉಚಿತವಾಗಿ ವಸ್ತು ಕಳುಹಿಸಿ, ಅದನ್ನು ಹೇಳದೆ ಬರೆಯಲು ಕೇಳಿದೆ. ಒಪ್ಪಲೇ?

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ಒಪ್ಪಬೇಡಿ. ಉಚಿತವಾಗಿ ಬಂದದ್ದನ್ನು ಬರಹದ ಆರಂಭದಲ್ಲೇ, ಕಣ್ಣಿಗೆ ಬೀಳುವಂತೆ ಹೇಳಬೇಕು. ಹಲವು ದೇಶಗಳಲ್ಲಿ ಅದು ನಿಯಮವೂ ಹೌದು. ಹಣ ಅಥವಾ ವಸ್ತು ಪಡೆದು ಕೊಟ್ಟ ಕೊಂಡಿಗೆ ‘ಪ್ರಾಯೋಜಿತ’ ಎಂಬ ಗುರುತು ಹಾಕಲು ಗೂಗಲ್ 2019ರಿಂದ ಪ್ರತ್ಯೇಕ ಟ್ಯಾಗ್ ಕೊಟ್ಟಿದೆ, ಅದನ್ನು ಬಳಸಿ. ಹೇಳಬಾರದು ಎಂಬ ಷರತ್ತು ಹಾಕುವ ಕಂಪನಿಗೆ ಬೇಕಿರುವುದು ನಿಮ್ಮ ಓದುಗರು ನಿಮ್ಮ ಮೇಲಿಟ್ಟ ವಿಶ್ವಾಸ. ಅದನ್ನು ಮಾರಬೇಡಿ.

ಇಮೇಲ್ ಪಟ್ಟಿ ಖಂಡಿತ ಬೇಕು. ಬ್ಲಾಗ್ ಓದಲು ಬಳಸುತ್ತಿದ್ದ ಗೂಗಲ್ ರೀಡರ್ 2013ರಲ್ಲಿ ಮುಚ್ಚಿತು, ಕಿರುವಿಡಿಯೊ ತಾಣ ವೈನ್ 2017ರಲ್ಲಿ, ಸಾಮಾಜಿಕ ಜಾಲತಾಣ ಗೂಗಲ್ ಪ್ಲಸ್ 2019ರಲ್ಲಿ. ಅಲ್ಲಿ ಓದುಗರನ್ನು ಕೂಡಿಸಿಕೊಂಡಿದ್ದವರು ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕಾಯಿತು. ಇಮೇಲ್ ವಿಳಾಸಗಳ ಪಟ್ಟಿ ನಿಮ್ಮ ಕೈಯಲ್ಲಿರುತ್ತದೆ, ಕಳುಹಿಸುವ ಸೇವೆ ಬದಲಾದರೂ ಜೊತೆಗೆ ಒಯ್ಯಬಹುದು. ವಿಳಾಸ ಕೊಟ್ಟವರಿಗೆ ಒಂದು ದೃಢೀಕರಣ ಪತ್ರ ಹೋಗಿ, ಅವರು ಒಪ್ಪಿದ ಮೇಲಷ್ಟೇ ಪಟ್ಟಿಗೆ ಸೇರಲಿ. ಪತ್ರಗಳನ್ನು ನಿಮ್ಮ ಸ್ವಂತ ಡೊಮೈನ್‌ನ ವಿಳಾಸದಿಂದ ಕಳುಹಿಸಿ. 2024ರ ಫೆಬ್ರುವರಿಯಿಂದ ಜಿಮೇಲ್ ಮತ್ತು ಯಾಹೂ ಕಳುಹಿಸುವವರ ಗುರುತನ್ನು ಹೆಚ್ಚು ಬಿಗಿಯಾಗಿ ಪರಿಶೀಲಿಸುತ್ತಿವೆ. ಎಸ್‌ಪಿಎಫ್, ಡಿಕೆಐಎಂ ಎಂಬ, ಪತ್ರ ನಿಜಕ್ಕೂ ನಿಮ್ಮಿಂದಲೇ ಬಂದದ್ದು ಎಂದು ತೋರಿಸುವ ಎರಡು ದಾಖಲೆಗಳನ್ನು ಡೊಮೈನ್‌ಗೆ ಸೇರಿಸದಿದ್ದರೆ ಪತ್ರ ಸ್ಪ್ಯಾಮ್ ಪೆಟ್ಟಿಗೆಗೆ ಬೀಳಬಹುದು. ನಿಮ್ಮ ಇಮೇಲ್ ಸೇವೆಯ ಸಹಾಯ ಪುಟ ಎದುರಿಗಿಟ್ಟುಕೊಂಡರೆ ಒಂದು ಮಧ್ಯಾಹ್ನದ ಕೆಲಸ.

ಪ್ರಶ್ನೆ: ಬ್ಲಾಗ್‌ನ ರೂಪ ಬದಲಿಸಿ, ಬೇರೆ ಹೋಸ್ಟಿಂಗ್‌ಗೆ (ಬ್ಲಾಗ್‌ನ ಕಡತಗಳನ್ನು ಇಡುವ ಸೇವೆಗೆ) ಹೋಗಬೇಕೆಂದಿದ್ದೇನೆ. ಏನಾದರೂ ಕಳೆದುಹೋಗುತ್ತದೆಯೇ ಎಂಬ ಭಯ. ಬ್ಯಾಕಪ್ ತೆಗೆದಿದ್ದೇನೆ, ಸಾಕೇ?

ಉತ್ತರ: ತೆಗೆದದ್ದು ಒಳ್ಳೆಯದು, ಆದರೆ ಅದನ್ನು ತೆರೆದು ನೋಡಿದ್ದೀರಾ? ಒಮ್ಮೆ ನಾನೂ ಹೀಗೆಯೇ ಜಾಗ ಬದಲಿಸಿದೆ. ಬ್ಲಾಗ್ ನಡೆಸುವ ತಂತ್ರಾಂಶ ವರ್ಡ್‌ಪ್ರೆಸ್‌ನ ಎಕ್ಸ್‌ಪೋರ್ಟ್ ಗುಂಡಿ ಒತ್ತಿ ಬಂದ ಕಡತವನ್ನು ಜೋಪಾನವಾಗಿ ಎರಡು ಕಡೆ ಇಟ್ಟೆ, ಹಳೆಯ ಖಾತೆ ಮುಚ್ಚಿದೆ. ಹೊಸ ಜಾಗದಲ್ಲಿ ಎಲ್ಲ ಅಕ್ಷರಗಳೂ ಬಂದವು. ಚಿತ್ರಗಳ ಜಾಗದಲ್ಲಿ ಬೂದು ಚೌಕಗಳಿದ್ದವು. ಆ ಕಡತದಲ್ಲಿ ಇರುವುದು ಬರಹಗಳು ಮತ್ತು ಚಿತ್ರಗಳ ವಿಳಾಸಗಳು ಮಾತ್ರ, ಚಿತ್ರಗಳಲ್ಲ. ಆ ವಿಳಾಸಗಳು ಹೋಗಿ ಮುಟ್ಟುವ ಸರ್ವರ್ ಅಷ್ಟರಲ್ಲಿ ಅಳಿಸಿಹೋಗಿತ್ತು. ನಾಲ್ಕು ವರ್ಷಗಳ ಚಿತ್ರಗಳಲ್ಲಿ ನನ್ನ ಹಳೆಯ ಫೋನಿನಲ್ಲಿ ಉಳಿದಿದ್ದಷ್ಟೇ ಸಿಕ್ಕವು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಆದ್ದರಿಂದ ಬರಹಗಳಿರುವ ದತ್ತಾಂಶ ಕೋಶ (ಡೇಟಾಬೇಸ್) ಮತ್ತು ಚಿತ್ರಗಳಿರುವ ಅಪ್‌ಲೋಡ್ಸ್ ಫೋಲ್ಡರ್ ಎರಡನ್ನೂ ಇಳಿಸಿಕೊಳ್ಳಿ. ಒಟ್ಟು ಮೂರು ಪ್ರತಿಗಳಿರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಬೇರೆ ಜಾಗದಲ್ಲಿರಲಿ. ಬರಹಗಳ ವಿಳಾಸಗಳನ್ನು ಬದಲಿಸದೆ ಹಾಗೆಯೇ ಉಳಿಸಿಕೊಳ್ಳಿ, ಬದಲಿಸಲೇಬೇಕಾದರೆ ಪ್ರತಿಯೊಂದಕ್ಕೂ 301 ಮರುನಿರ್ದೇಶನ ಹಾಕಿ. ನಂತರ ಒಂದು ಖಾಲಿ ಪ್ರಾಯೋಗಿಕ ತಾಣದಲ್ಲಿ ಆ ಪ್ರತಿಯನ್ನು ತುಂಬಿ, ಅದು ಹಳೆಯ ತಾಣದಿಂದ ಚಿತ್ರಗಳನ್ನು ಎಳೆದು ತೋರಿಸುತ್ತಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಲು ಒಂದೆರಡು ಚಿತ್ರಗಳ ವಿಳಾಸ ನೋಡಿ. ಅದರಲ್ಲಿ ಪ್ರಾಯೋಗಿಕ ತಾಣದ ಹೆಸರಿದ್ದರೆ ಹೊಸ ಜಾಗಕ್ಕೆ ಹೋಗಿ, ಹಳೆಯ ಖಾತೆಯನ್ನು ಒಂದು ತಿಂಗಳು ಹಾಗೆಯೇ ಇಟ್ಟುಕೊಂಡು, ಆಮೇಲೆ ಮುಚ್ಚಿ.