ಕರೆಂಟ್ ಹೋಗಿ ಬಂದ ಮೇಲೆ ಬೈಂಡ್ ಡಿಎನ್‌ಎಸ್ ಸರ್ವರ್ ಸ್ಟಾರ್ಟ್ ಆಗ್ತಿಲ್ಲ. ಡಿಸ್ಕ್ ಹೋಗಿದೆಯಾ?

ಯಾದಗಿರಿಯ ನಿಮ್ಮ ಕಾಲೇಜ್ ಲ್ಯಾಬ್‌ನಲ್ಲಿ ಉಬುಂಟು ಲಿನಕ್ಸ್ ಮೇಲೆ ಬೈಂಡ್ (ಹೆಸರಿಗೆ ಐಪಿ ವಿಳಾಸ ಹುಡುಕಿಕೊಡೋ ಡಿಎನ್‌ಎಸ್ ಸಾಫ್ಟ್‌ವೇರ್) ಇದೆ, ಹೋದ ವಾರ ಕಾನ್ಫಿಗ್ (ಅದರ ಸೆಟ್ಟಿಂಗ್ ಫೈಲ್) ತಿದ್ದಿ ರೀಲೋಡ್ ಕೊಟ್ಟಾಗ ಎಲ್ಲ ಸರಿ ನಡೀತು, ನಿನ್ನೆ ಕರೆಂಟ್ ಹೋಗಿ ಬಂದ ಮೇಲೆ ಏಳ್ತಿಲ್ಲ ಅಂದಿದ್ದೀರಿ. ಡಿಸ್ಕ್ ಬಿಡ್ರಿ ಸರ್, ಮೊದಲು ಹೋದ ವಾರದ ತಿದ್ದುಪಡಿ ನೋಡ್ರಿ. ನಾನು ಕಲಬುರಗಿಯಲ್ಲಿ ಇದೇ ಕೆಲಸ ಮಾಡೋನು. ಬೇಸಿಗೆ ಬಂತಂದ್ರೆ ಇಂಥ ಫೋನ್ ಬರ್ತಾನೇ ಇರ್ತವೆ.

ರೀಲೋಡ್ ಕೊಟ್ಟಾಗ ಕಾನ್ಫಿಗ್ ಫೈಲಿನಲ್ಲಿ ತಪ್ಪಿದ್ದರೆ ಬೈಂಡ್ ನಿಲ್ಲೋದಿಲ್ಲ. ಲಾಗ್‌ನಲ್ಲಿ ಎರರ್ ಬರೆದು, ಮೆಮೊರಿಯಲ್ಲಿರೋ ಹಳೆ ಕಾನ್ಫಿಗ್ ಮೇಲೇ ಕೆಲಸ ಮುಂದುವರಿಸ್ತದೆ. ಮಷೀನ್ ಆಫ್ ಆದಾಗ ಆ ಹಳೆಯದೂ ಹೋಗ್ತದೆ. ತಪ್ಪು ಹೊರಗೆ ಬೀಳೋದು ಮತ್ತೆ ಆನ್ ಆಗಿ ಆ ಫೈಲ್ ಓದುವಾಗಲೇ, ಬೈಗುಳ ಮಾತ್ರ ಕರೆಂಟಿಗೆ.

ಮತ್ತೆ ಮತ್ತೆ ರೀಸ್ಟಾರ್ಟ್ ಮಾಡಬೇಡ್ರಿ. ಲಾಗ್ ತೋರಿಸೋ ಕಮಾಂಡ್ ಜರ್ನಲ್‌ಸಿಟಿಎಲ್‌ನಲ್ಲಿ ನೇಮ್ಡ್ ಸರ್ವಿಸ್‌ನ (ಬೈಂಡ್ ಓಡೋದು ಈ ಹೆಸರಿನಲ್ಲಿ) ಲಾಗ್ ತೆಗೀರಿ. ಪದೇಪದೇ ಸ್ಟಾರ್ಟ್ ಆಗ್ತಿದೆ ಅನ್ನೋ ಕೊನೆ ಸಾಲು ಸರ್ವಿಸ್‌ಗಳನ್ನ ಎಬ್ಬಿಸೋ ಸಿಸ್ಟಮ್‌ಡಿ ಕೈಚೆಲ್ಲಿದ ಸುದ್ದಿ ಅಷ್ಟೇ. ಅಲ್ಲಿಂದ ಮೇಲಕ್ಕೆ ಹೋಗಿ, ಫೈಲ್ ಹೆಸರು, ಅದರ ಮುಂದೆ ಸಾಲಿನ ನಂಬರ್ ಇರೋ ಮೊದಲ ಎರರ್ ಹುಡುಕ್ರಿ. ಕಾನ್ಫಿಗ್ ಪರೀಕ್ಷಿಸೋ ನೇಮ್ಡ್-ಚೆಕ್‌ಕಾನ್ಫ್ ಕಮಾಂಡ್ ಓಡಿಸಿದರೂ ಅದೇ ಸಾಲು ಸಿಗ್ತದೆ.

ಆ ನಂಬರ್ ಓದೋದ್ರಲ್ಲೇ ಬಹಳ ಜನ ಎಡವ್ತಾರೆ. 14ನೇ ಸಾಲಿನ ಬ್ರೇಸ್‌ಗಿಂತ ಮೊದಲು ಸೆಮಿಕೋಲನ್ ಇಲ್ಲ ಅಂತ ಎರರ್ ಹೇಳಿದರೆ, ಬಿಟ್ಟುಹೋಗಿರೋದು 13ರ ಕೊನೆಯಲ್ಲಿ. ಫಾರ್ವರ್ಡರ್ಸ್ (ಪ್ರಶ್ನೆಗಳನ್ನ ಮುಂದೆ ಕಳಿಸೋ ಸರ್ವರ್‌ಗಳ) ಬ್ಲಾಕ್‌ನಲ್ಲಿ ಪ್ರತಿ ಐಪಿ ಆದ ಮೇಲೆ ಒಂದು ಸೆಮಿಕೋಲನ್ ಬೇಕು, ಮುಚ್ಚೋ ಬ್ರೇಸ್ ಆದ ಮೇಲೆ ಇನ್ನೊಂದು ಬೇಕು. ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನ ಪೇಸ್ಟ್ ಮಾಡಿದ್ದರೆ ಉದ್ಧರಣ ಚಿಹ್ನೆಗಳನ್ನ ಅಳಿಸಿ ಕೈಯಿಂದಲೇ ಮತ್ತೆ ಟೈಪ್ ಮಾಡ್ರಿ. ಬಾಗಿದ ಚಿಹ್ನೆ ಬೈಂಡ್‌ಗೆ ನಡೆಯೋದಿಲ್ಲ.

ಚೆಕ್‌ಕಾನ್ಫ್ ಏನೂ ಹೇಳದೆ ಸುಮ್ಮನಿದ್ದು, ಸರ್ವಿಸ್ ಮಾತ್ರ ಏಳದಿದ್ದರೆ ಪರ್ಮಿಷನ್ ನೋಡ್ರಿ. ನೀವು ಚೆಕ್ ಮಾಡೋದು ರೂಟ್ ಆಗಿ, ಸರ್ವಿಸ್ ಓಡೋದು ಬೈಂಡ್ ಅನ್ನೋ ಯೂಸರ್ ಆಗಿ. ಹೊಸದಾಗಿ ಲಾಗ್ ಫೈಲ್ ಸೇರಿಸಿದ್ದರೆ ಅದನ್ನ ವಾರ್ ಒಳಗಿನ ಲಾಗ್, ಅದರೊಳಗಿನ ನೇಮ್ಡ್ ಫೋಲ್ಡರಿನಲ್ಲೇ (/var/log/named) ಇಟ್ಟು, ಫೋಲ್ಡರನ್ನ ಆ ಯೂಸರ್ ಹೆಸರಿಗೆ ಮಾಡ್ರಿ. ಬೇರೆ ಜಾಗ ಆದರೆ ಉಬುಂಟುನ ಕಾವಲುಗಾರ ಆಪ್‌ಆರ್ಮರ್ ತಡೀಬಹುದು.

ಸಿಸ್ಟಮ್‌ಡಿ-ರಿಸಾಲ್ವ್ಡ್ (ಉಬುಂಟುನಲ್ಲೇ ಇರೋ ಹೆಸರು ಹುಡುಕೋ ಸರ್ವಿಸ್) ತೆಗೆದುಹಾಕಿ ಅಂತ ಯಾರಾದರೂ ಸಲಹೆ ಕೊಟ್ಟಿದ್ದರೆ, ಅದನ್ನ ಈಗ ಮುಟ್ಟಬೇಡ್ರಿ. ಅದು ಕೂತಿರೋದು 127.0.0.53ರ ಮೇಲೆ, ಬೈಂಡ್‌ಗೆ ಅಡ್ಡ ಬರದೆ ಅದರ ಜೊತೆ ಒಂದೇ ಮಷೀನಿನಲ್ಲಿ ಇರ್ತದೆ.

ಝೋನ್ ಫೈಲ್ (ಒಂದು ಡೊಮೇನಿನ ಹೆಸರು-ವಿಳಾಸಗಳ ಪಟ್ಟಿ) ತಪ್ಪಾದರೆ ಉಬುಂಟುನಲ್ಲಿ ಸಾಮಾನ್ಯವಾಗಿ ಸರ್ವಿಸ್ ಏಳ್ತದೆ, ಆ ಝೋನ್ ಮಾತ್ರ ಉತ್ತರ ಕೊಡೋದಿಲ್ಲ. ರೆಡ್ ಹ್ಯಾಟ್ ಲಿನಕ್ಸ್ ಕಡೆಯವರಿಗೆ ಹಾಗಲ್ಲ, ಅಲ್ಲಿ ಝೋನ್‌ಗಳನ್ನ ಮೊದಲೇ ಪರೀಕ್ಷಿಸಿ ಸರ್ವಿಸನ್ನೇ ತಡೀತಾರೆ.

ಸರ್ವಿಸ್ ಎದ್ದ ಮೇಲೂ ಹೊರಗಿನ ಹೆಸರುಗಳು ಸಿಗದಿದ್ದರೆ ಮಷೀನಿನ ತಾರೀಖು ನೋಡ್ರಿ. ಸಿಮಾಸ್ ಬ್ಯಾಟರಿ (ಮದರ್‌ಬೋರ್ಡಿನ ಗಡಿಯಾರದ ಬ್ಯಾಟರಿ) ಸತ್ತಿದ್ದರೆ ಕರೆಂಟ್ ಹೋದಾಗ ಗಡಿಯಾರ ಹಿಂದಕ್ಕೆ ಹೋಗಿರ್ತದೆ, ಆಗ ಉತ್ತರ ಅಸಲಿ ಅಂತ ತೋರಿಸೋ ಡಿಎನ್‌ಎಸ್‌ಸೆಕ್ ಸಹಿಗಳು ಸಿಂಧು ಆಗೋದಿಲ್ಲ. ತಾರೀಖು ಕೈಯಿಂದ ಸರಿ ಮಾಡ್ರಿ, ಯಾಕಂದ್ರೆ ಟೈಮ್ ಸರ್ವರಿನ ಹೆಸರು ಹುಡುಕೋದಕ್ಕೂ ಇದೇ ಡಿಎನ್‌ಎಸ್ ಬೇಕು.

ಆಗದಿದ್ದರೆ ಆ ಮೊದಲ ಎರರ್ ಸಾಲನ್ನ ಇದ್ದ ಹಾಗೇ ಇಲ್ಲಿ ಹಾಕ್ರಿ, ನೋಡ್ತೀನಿ.