ಮನೆಮಂದಿಯೆಲ್ಲ ಕೂಡಿ ಹಾಡಲು ಯಾವ ಶ್ರುತಿ ಇಡಬೇಕು?

ನಿಮ್ಮ ಪ್ರಶ್ನೆ ಇಷ್ಟು: ಗಂಗಾವತಿಯಲ್ಲಿ ಮನೆ. ನೀವು ಭಜನಾ ಮಂಡಳಿಯಲ್ಲಿ ಪೇಟಿ (ಹಾರ್ಮೋನಿಯಂ) ಬಾರಿಸಿ ಹಾಡುತ್ತೀರಿ. ಹೆಂಡತಿಗೆ ಒಳ್ಳೆ ಕಂಠ ಇದೆ. ಮಗನಿಗೆ 13, ಮಗಳಿಗೆ 8 ವರ್ಷ, ಜೊತೆಗೆ ನಿಮ್ಮ ತಾಯಿ. ಸಂಜೆ ಎಲ್ಲರೂ ಕೂತು ಹಾಡಬೇಕೆಂಬ ಆಸೆ. ಮಕ್ಕಳು ಒಂದು ವಾರ ಕೂರುತ್ತಾರೆ, ಆಮೇಲೆ ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಾರೆ. ಮಕ್ಕಳಿಗೆ ಸಂಗೀತದ ಒಲವೇ ಇಲ್ಲವೇನೋ ಎಂದು ಕೇಳಿದ್ದೀರಿ.

ಒಲವಿಲ್ಲ ಎಂದು ಈಗಲೇ ತೀರ್ಮಾನಕ್ಕೆ ಬರಬೇಡಿ. ನೀವು ಎಲ್ಲಾ ಪದವನ್ನೂ (ಹಾಡನ್ನೂ) ಕಪ್ಪು 1ಕ್ಕೇ, ಅಂದರೆ ಸಪ್ತಕದ ಮೊದಲ ಕಪ್ಪು ಪಟ್ಟಿಯನ್ನೇ 'ಸ' ಮಾಡಿಕೊಂಡು, ಹಾಡುತ್ತೀರಿ ಎಂದು ಬರೆದಿದ್ದೀರಿ. ಪ್ರತಿ ಸಪ್ತಕದಲ್ಲಿ ಕಪ್ಪು ಪಟ್ಟಿ, ಬಿಳಿ ಪಟ್ಟಿಗಳನ್ನು ಎಡದಿಂದ ಬೇರೆಬೇರೆಯಾಗಿ ಎಣಿಸುವ ಲೆಕ್ಕ ಇದು. ನನ್ನ ಮಟ್ಟಿಗೆ ಕಾರಣ ಅಲ್ಲೇ ಇದೆ. ದನಿ ಮುಟ್ಟದ ಜಾಗಕ್ಕೆ ಹಾಡು ಹೋದಾಗ ಮಗುವಿಗೆ ಎರಡೇ ದಾರಿ: ಕಿರಿಚುವುದು, ಇಲ್ಲ ಬಾಯಿ ಮುಚ್ಚುವುದು. ಕಿರಿಚಿದರೆ ದೊಡ್ಡವರು "ಬೇಸೂರಾಯ್ತು" ಅನ್ನುತ್ತಾರೆ. ನಾಲ್ಕು ದಿನ ಹಾಗೆ ಅನ್ನಿಸಿಕೊಂಡ ಮಗು ಐದನೇ ದಿನ ಹೋಂವರ್ಕ್ ನೆಪ ಹೇಳುತ್ತದೆ.

ಹಾಗಾಗಿ ಮೊದಲು ಪ್ರತಿಯೊಬ್ಬರ ಶ್ರುತಿ ಕಂಡುಹಿಡಿಯಿರಿ. ಒಬ್ಬರನ್ನು ಪೇಟಿಯ ಮುಂದೆ ಕೂಡಿಸಿ, ಆರಾಮಾಗಿ ಹಾಡಬಲ್ಲ ಯಾವುದಾದರೂ ಸ್ವರದಿಂದ ಕಪ್ಪು-ಬಿಳಿ ಬಿಡದೆ ಒಂದೊಂದೇ ಪಟ್ಟಿ ಕೆಳಗೆ ಇಳಿಸುತ್ತ "ಆ" ಹಾಡಿಸಿ. ಒಂದು ಹಂತದಲ್ಲಿ ದನಿ ಹೋಗಿ ಬರೀ ಉಸಿರು ಬರುತ್ತದೆ. ಅಲ್ಲಿಂದ ಒಂದು ಪಟ್ಟಿ ಮೇಲೆ ಬನ್ನಿ. ಅದು ಅವರ ಮಂದ್ರ ಪಂಚಮ (ಕೆಳಗಿನ ಸಪ್ತಕದ ಪ) ಎಂದಿಟ್ಟುಕೊಂಡು, ಕಪ್ಪು-ಬಿಳಿ ಎಲ್ಲ ಸೇರಿಸಿ ಐದು ಪಟ್ಟಿ ಮೇಲೆ ಎಣಿಸಿದರೆ ಸಿಗುವುದೇ ಅವರ ಷಡ್ಜ (ಸ). ಗಂಡಸಿನ ದನಿ ಕೆಳಗಿನ ಕಪ್ಪು 4ರವರೆಗೆ ಇಳಿದರೆ ಷಡ್ಜ ಕಪ್ಪು 1. ಹೆಂಗಸಿನ ದನಿ ಬಿಳಿ 4ರವರೆಗೆ ಇಳಿದರೆ ಷಡ್ಜ ಕಪ್ಪು 5. ಈ ಪರೀಕ್ಷೆಯನ್ನು ಬೆಳಿಗ್ಗೆ ಎದ್ದ ಕೂಡಲೇ ಮಾಡಬೇಡಿ. ಆಗ ದನಿ ದಪ್ಪಗಿದ್ದು ಒಂದೆರಡು ಪಟ್ಟಿ ಹೆಚ್ಚೇ ಕೆಳಗಿಳಿಯುತ್ತದೆ, ಲೆಕ್ಕ ತಪ್ಪುತ್ತದೆ. ನೆಗಡಿ ಇದ್ದಾಗಲೂ ಬೇಡ.

ಈಗ ತೊಡಕು ನೋಡಿ. ನಿಮ್ಮದು ಕಪ್ಪು 1, ಹೆಂಡತಿಯದು ಕಪ್ಪು 4 ಇಲ್ಲವೇ 5 ಇರಬಹುದು. ಕಪ್ಪು 1ಕ್ಕೆ ಹಾಡುವಾಗ ನೀವು ಕೆಳಗಿನ ಸಪ್ತಕದಲ್ಲಿ, ಹೆಂಡತಿ-ಮಗಳು ಅದರ ಮೇಲಿನ ಸಪ್ತಕದಲ್ಲಿ ಇರುತ್ತಾರೆ. ಹಾಡು ಷಡ್ಜದಿಂದ ತಾರ ಷಡ್ಜದೊಳಗೇ (ಮೇಲಿನ ಸಪ್ತಕದ ಸ ದಾಟದೆ) ಓಡಾಡಿದರೆ ಮೂವರಿಗೂ ಸರಿಯಾಗುತ್ತದೆ. ಆದರೆ ಚರಣದಲ್ಲಿ ತಾರ ಗಾಂಧಾರ (ಗ), ಮಧ್ಯಮ (ಮ) ಮುಟ್ಟುವ ಪದ ಬಂತೋ, ಅವರಿಗೆ ಗಂಟಲು ಹಿಡಿಯುತ್ತದೆ. ನಿಮ್ಮ ಸಪ್ತಕಕ್ಕೆ ಇಳಿಯೋಣವೆಂದರೆ ಅಲ್ಲಿ ಅವರಿಗೆ ದನಿಯೇ ಇಲ್ಲ. ಮೇಲೂ ಇಲ್ಲ, ಕೆಳಗೂ ಇಲ್ಲ. ನಿಮಗೆ ಮಾತ್ರ ಹಿತವಾಗಿರುತ್ತದೆ, ಆದ್ದರಿಂದ ತೊಂದರೆ ನಿಮ್ಮ ಗಮನಕ್ಕೇ ಬರುವುದಿಲ್ಲ.

ಇದಕ್ಕೆ ಮನೆಯಲ್ಲಿ ಎರಡು ಶ್ರುತಿ ಇಟ್ಟುಕೊಳ್ಳಿ, ಕಪ್ಪು 1 ಮತ್ತು ಕಪ್ಪು 4. ಒಂದೇ ಸಪ್ತಕದೊಳಗಿನ ಪದಗಳಿಗೆ ಕಪ್ಪು 1. ತಾರ ಷಡ್ಜ ದಾಟಿ ಮೇಲೆ ಹೋಗುವ, ಆದರೆ ಮಂದ್ರಕ್ಕೆ ಇಳಿಯದ ಪದಗಳಿಗೆ ಕಪ್ಪು 4. ಕಪ್ಪು 4ರಲ್ಲಿ ತಾರ ಮಧ್ಯಮ ಬರುವುದು ಕಪ್ಪು 1ರಲ್ಲೇ, ಕಪ್ಪು 1 ಶ್ರುತಿಯ ತಾರ ಷಡ್ಜದ ಜಾಗದಲ್ಲೇ. ಅಂದರೆ ಎರಡು ಶ್ರುತಿಯಲ್ಲೂ ಮನೆಯವರು ಮುಟ್ಟಬೇಕಾದ ತುತ್ತತುದಿ ಒಂದೇ. ನೀವು ಕೆಳಗಿನ ಕಪ್ಪು 4ರಿಂದ ಶುರು ಮಾಡುತ್ತೀರಿ, ಷಡ್ಜ ನಿಮಗೆ ತುಸು ತಗ್ಗು ಅನ್ನಿಸುತ್ತದೆ. ಮಗಳಿಗೂ ಪಲ್ಲವಿಯ ಷಡ್ಜ ಮೆತ್ತಗೇ ಬರುತ್ತದೆ. ಬರಲಿ, ಜೋರು ಮಾಡಿಸಬೇಡಿ.

ಈ ಜೋಡಿಯಿಂದ ಇನ್ನೂ ಒಂದು ಅನುಕೂಲ. ಕಪ್ಪು 1 ಷಡ್ಜವಾದರೆ ಕಪ್ಪು 4 ಅದರ ಪಂಚಮ. ಕಪ್ಪು 4 ಷಡ್ಜವಾದರೆ ಕಪ್ಪು 1 ಅದರ ಮಧ್ಯಮ. ಹೀಗಾಗಿ ಕಪ್ಪು 1ಕ್ಕೆ ಕೂಡಿಸಿದ ತಬಲಾವನ್ನು ಪ್ರತಿ ಹಾಡಿಗೂ ಬಡಿದು ಏರಿಸಿ ಇಳಿಸಿ ಮಾಡಬೇಕಿಲ್ಲ, ಎರಡಕ್ಕೂ ಹೊಂದುತ್ತದೆ. ಎಚ್ಚರ ವಹಿಸಬೇಕಾದ್ದು ಭೂಪದಂಥ ಮಧ್ಯಮವೇ ಇಲ್ಲದ ರಾಗದ ಪದ ಬಂದಾಗ. ಆಗ ಕಪ್ಪು 4ರ ಜೊತೆ ಕಪ್ಪು 1 ಹಿಡಿದರೆ ರಾಗ ಕೆಡುತ್ತದೆ. ಷಡ್ಜವೊಂದನ್ನೇ ಹಿಡಿಯಿರಿ, ಇಲ್ಲವೇ ಪಂಚಮಕ್ಕೆ ಕಪ್ಪು 2 ಸೇರಿಸಿ. ತಬಲಾ ಬದಿಗಿಟ್ಟು ತಾಳ, ದಮ್ಮಡಿ (ಕೈಯಲ್ಲಿ ಹಿಡಿದು ಬಾರಿಸುವ ಚರ್ಮವಾದ್ಯ) ಸಾಕು. ಸ್ಕೇಲ್ ಚೇಂಜರ್ ಪೇಟಿ (ಪಟ್ಟಿಗಳ ಸಾಲನ್ನೇ ಸರಿಸಿ ಶ್ರುತಿ ಬದಲಿಸುವಂಥದ್ದು) ಕೊಳ್ಳಲೇ ಎಂದೂ ಕೇಳಿದ್ದೀರಿ. ಬೇಡ. ತೂಕ ಹೆಚ್ಚು, ಬೆಲೆ ಹೆಚ್ಚು, ಕೆಟ್ಟರೆ ರಿಪೇರಿ ಕಷ್ಟ. ಆ ದುಡ್ಡು ಉಳಿಸಿ, ಕಪ್ಪು 4ರಿಂದ ಬೆರಳಿಡುವುದನ್ನು ರೂಢಿ ಮಾಡಿಕೊಳ್ಳಿ.

ಪೇಟಿಯ ದನಿಯ ಬಗ್ಗೆ. ಮಂಡಳಿಯಲ್ಲಿ ಇಪ್ಪತ್ತು ಜನರ ಮಧ್ಯೆ ಬಾರಿಸುವ ಹಾಗೆ ಮನೆಯಲ್ಲಿ ಬಾರಿಸಬಾರದು. ಎರಡು ಸಾಲು ರೀಡಿನ ಪೇಟಿಯಾದರೆ ಒಂದು ಸಾಲಿನ ಸ್ಟಾಪ್ ಮುಚ್ಚಿಬಿಡಿ. ಮಗು ಹಾಡುವಾಗ ಅದರ ಪ್ರತಿ ಸ್ವರದ ಹಿಂದೆ ಬೆರಳು ಓಡಿಸಬೇಡಿ, ಷಡ್ಜ-ಪಂಚಮ ಹಿಡಿದು ಸುಮ್ಮನಿರಿ. ಪ್ರತಿ ಸ್ವರಕ್ಕೂ ಪೇಟಿಯ ಆಸರೆ ಸಿಕ್ಕ ಮಗುವಿನ ಕಿವಿ ಸೋಮಾರಿಯಾಗುತ್ತದೆ. ಪೇಟಿ ನಿಲ್ಲಿಸಿದ ಕೂಡಲೇ ಹಾಡು ಕೆಳಗೆ ಜಾರುತ್ತದೆ. ಜೊತೆಗೆ ಪೇಟಿಯ ಗಾಂಧಾರ ಕಟ್ಟುನಿಟ್ಟಾದ ಶುದ್ಧ ಗಾಂಧಾರವಲ್ಲ. ಎರಡು ಪಕ್ಕದ ಪಟ್ಟಿಗಳ ಅಂತರವನ್ನು ನೂರು ಪಾಲು ಮಾಡಿದರೆ ಸುಮಾರು 14 ಪಾಲು ಮೇಲಿರುತ್ತದೆ. ಆದ್ದರಿಂದ ಮೊದಲ ಐದು ನಿಮಿಷ ಪೇಟಿ ಮುಚ್ಚಿಟ್ಟು ತಂಬೂರಿಯೊಂದನ್ನೇ ಹಾಕಿ. ಮೊಬೈಲಿನ ತಂಬೂರಿ ಆ್ಯಪ್ ನಡೆಯುತ್ತದೆ, ಆದರೆ ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಖರಜ (ತಂಬೂರಿಯ ತಗ್ಗಿನ ಸ) ಕೇಳಿಸುವುದಿಲ್ಲ. ಒಂದು ಸಣ್ಣ ಬ್ಲೂಟೂತ್ ಸ್ಪೀಕರಿಗೆ ಹಚ್ಚಿ.

ಮಗಳಿಗೆ ಸ್ವರ ಕೊಡುವವರು ತಾಯಿ ಆಗಬೇಕು, ನೀವಲ್ಲ. ನಿಮ್ಮ ದನಿ ಒಂದು ಸಪ್ತಕ ಕೆಳಗಿದೆ. ಸಣ್ಣ ಮಕ್ಕಳು ತಮ್ಮದೇ ಎತ್ತರದ ದನಿಗೆ ಬೇಗ ಕೂಡುತ್ತಾರೆ. ಗಂಡಸಿನ ದನಿ ಕೇಳಿದರೆ ಅದನ್ನೇ ಹಿಡಿಯಲು ಹೋಗಿ ಗೊರಗೊರ ಅನ್ನುತ್ತಾರೆ. ತಾಯಿ ಎಂಟು-ಹತ್ತು ಸೆಕೆಂಡು "ಆ" ಹಿಡಿಯಲಿ, ಮಗಳು ಕೇಳಿ ಅದರೊಳಗೆ ಸೇರಿಕೊಳ್ಳಲಿ. ಕೂಡದಿದ್ದರೆ ಮಗಳೇ ತನಗೆ ಬಂದ ಸ್ವರ ಹಾಡಲಿ, ತಾಯಿ ಅದಕ್ಕೆ ಕೂಡಲಿ, ಅಲ್ಲಿಂದ ಇಬ್ಬರೂ ನಿಧಾನ ಷಡ್ಜಕ್ಕೆ ಸರಿಯಲಿ. ಕೂಡಿದ ದನಿ ಹೇಗಿರುತ್ತದೆಂದು ಮಗುವಿಗೆ ಒಮ್ಮೆ ಮೈಗೆ ತಿಳಿದರೆ ಸಾಕು, ಆಮೇಲೆ ತಾನೇ ಹುಡುಕುತ್ತದೆ. ಶುರುವಿಗೆ ಭೂಪ ಒಳ್ಳೆಯದು: ಸ ರಿ ಗ ಪ ಧ. ಕಪ್ಪು 1ರಿಂದ ಬಾರಿಸಿದರೆ ಕಪ್ಪು 1, ಕಪ್ಪು 2, ಬಿಳಿ 4, ಕಪ್ಪು 4, ಕಪ್ಪು 5. ಪಕ್ಕಪಕ್ಕದ ಪಟ್ಟಿಯ ಸ್ವರಗಳೇ ಇಲ್ಲದ್ದರಿಂದ ಜಾರುವ ಭಯ ಕಡಿಮೆ.

ಮಗನ ವಿಷಯ ಬೇರೆ. ಗಂಡುಹುಡುಗರಿಗೆ 12ರಿಂದ 15ರೊಳಗೆ ದನಿ ಒಡೆಯುತ್ತದೆ. ಸ್ವರತಂತು ಉದ್ದವಾಗಿ, ದಪ್ಪವಾಗಿ, ದನಿ ಹೆಚ್ಚುಕಡಿಮೆ ಒಂದು ಸಪ್ತಕ ಇಳಿಯುತ್ತದೆ. ನಿನ್ನೆ ಬಂದ ಸ್ವರ ಇವತ್ತು ಬರುವುದಿಲ್ಲ, ನಡುವೆ ಪಟಕ್ಕನೆ ಒಡೆಯುತ್ತದೆ. ತಂಗಿ ನಕ್ಕರೆ ಮುಗಿಯಿತು, ಅವನು ಮತ್ತೆ ಬಾಯಿ ತೆರೆಯುವುದಿಲ್ಲ. ಮನೆಯಲ್ಲಿ ಇದೊಂದನ್ನು ಖಡಾಖಂಡಿತವಾಗಿ ಹೇಳಿ: ಅವನ ದನಿಗೆ ಯಾರೂ ನಗಬಾರದು. ಎತ್ತರದ ಚರಣ ಅವನಿಂದ ಹಾಡಿಸಬೇಡಿ. ಆರಾಮಾಗಿ ಬರುವ ಐದಾರು ಸ್ವರದೊಳಗಿನ ಪಲ್ಲವಿಯಷ್ಟೇ ಹಾಡಲಿ, ಪರೀಕ್ಷೆಯನ್ನು ತಿಂಗಳಿಗೊಮ್ಮೆ ಮತ್ತೆ ಮಾಡಿ ಷಡ್ಜ ಎಲ್ಲಿಗೆ ಇಳಿಯಿತೆಂದು ನೋಡಿ. ಉಳಿದ ಹೊತ್ತು ತಬಲಾದ ತಾಳ ಅವನಿಗೆ ಬಿಡಿ. ಕೇರವಾ ತಾಳಕ್ಕೆ ಎಂಟು ಮಾತ್ರೆ (ಎಣಿಕೆ): ಧಾ ಗೆ ನ ತಿ, ನ ಕ ಧಿ ನ. ದಾದರಾ ಆರು: ಧಾ ಧಿ ನಾ, ಧಾ ತಿ ನಾ. ಇವೆರಡು ಕೈಗೆ ಕೂತರೆ ಮನೆಯ ಬಹುಪಾಲು ಪದಗಳು ನಡೆಯುತ್ತವೆ. ಮೊದಲು ಬಾಯಲ್ಲಿ ಬೋಲು, ಆಮೇಲೆ ತೊಡೆಯ ಮೇಲೆ, ಕೊನೆಗೆ ತಬಲಾ. ಮಕ್ಕಳು ಲಯ ಓಡಿಸುತ್ತಾರೆ, ಅದರಲ್ಲೂ ಪಲ್ಲವಿ ಮರಳಿ ಬರುವ ಜಾಗದಲ್ಲಿ. ನೀವು ಪೇಟಿಯಿಂದ ಎಳೆದು ಹಿಡಿಯಲು ಹೋಗಬೇಡಿ, ಜಗಳವಾಗುತ್ತದೆ. ಅಜ್ಜಿಯ ಕೈಗೆ ಚಿಕ್ಕ ತಾಳ ಕೊಡಿ, ಎಲ್ಲರೂ ಅದಕ್ಕೇ ಕಿವಿಗೊಡಲಿ.

ಹೊತ್ತು 20 ನಿಮಿಷ ಸಾಕು, ಅರ್ಧ ಗಂಟೆ ಬೇಡ. ನಮ್ಮ ಕಡೆ ಏಪ್ರಿಲ್-ಮೇನಲ್ಲಿ ಸಂಜೆ ಏಳಕ್ಕೂ ಗೋಡೆ ಕಾದಿರುತ್ತದೆ, ಫ್ಯಾನ್ ಇಲ್ಲದೆ ಕೂರಲಾಗದು, ಫ್ಯಾನಿನ ಗುಂಯ್ ಸದ್ದಿನಲ್ಲಿ ತಂಬೂರಿ ಮುಳುಗುತ್ತದೆ. ಆ ಎರಡು ತಿಂಗಳು ಬೆಳಿಗ್ಗೆ ಆರೂವರೆಗೆ ಬದಲಿಸಿ. ದಿನಾ ಆಗದಿದ್ದರೆ ಸೋಮವಾರ, ಗುರುವಾರ ಎಂದು ವಾರ ಕಟ್ಟಿಕೊಳ್ಳಿ. ವಾರ ತಪ್ಪದಿರುವುದು ಮುಖ್ಯ. ಬೋಧನೆ, ಬೈಗುಳ ಈ 20 ನಿಮಿಷದೊಳಗೆ ಬರಕೂಡದು. ತಿದ್ದುವುದಿದ್ದರೆ ಒಂದು ದಿನಕ್ಕೆ ಒಂದೇ ಸಾಲು ತಿದ್ದಿ.

ಏನು ಹಾಡಬೇಕು? ನಿಮ್ಮದೊಂದು ಪದವಾದರೆ ಮಕ್ಕಳದೊಂದು, ಸಿನಿಮಾ ಹಾಡಾದರೂ ಸರಿ. ಅದರ ಷಡ್ಜ ಹುಡುಕಿ ನೀವು ಪೇಟಿ ಬಾರಿಸಿದರೆ ಮಗನ ಕಣ್ಣಲ್ಲಿ ನಿಮ್ಮ ಪೇಟಿಗೆ ಬೆಲೆ ಬರುತ್ತದೆ. ಕರೋಕೆ ಹಾಕಿದರೆ ಶ್ರುತಿ ಬದಲಿಸುವ ಸೌಲಭ್ಯ ಬಳಸಿ, ಆದರೆ ಎರಡು-ಮೂರು ಪಟ್ಟಿ ದಾಟಿಸಿದರೆ ವಾದ್ಯಗಳ ದನಿ ಕೆಡುತ್ತದೆ. ನಮ್ಮ ನೆಲದ ಪದಗಳಿಗಂತೂ ಬರವಿಲ್ಲ. ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಎಲ್ಲ ರಾಯಚೂರು ಸೀಮೆಯವರೇ. ಈ ದಾಸರ ರಚನೆಗಳಲ್ಲಿ ಸುಳಾದಿಗೆ ಮಕ್ಕಳನ್ನು ಹಚ್ಚಬೇಡಿ, ಒಂದೇ ರಚನೆಯೊಳಗೆ ತಾಳ ಬದಲಾಗುತ್ತ ಹೋಗುತ್ತದೆ. ಉಗಾಭೋಗ ತೆಗೆದುಕೊಳ್ಳಿ, ತಾಳದ ಕಟ್ಟಿಲ್ಲ, ನಾಲ್ಕಾರು ಸಾಲು, ಸ್ವರದ ಮೇಲೆ ನಿಂತು ಹಾಡಬಹುದು. ವಚನ ಹಾಡಿಕೆಗೆ ರಾಯಚೂರಿನ ಸಿದ್ಧರಾಮ ಜಂಬಲದಿನ್ನಿಯವರ ಧ್ವನಿಮುದ್ರಣ ಕೇಳಿಸಿ, ಮಾತು ಎಲ್ಲೂ ಒಡೆಯದೆ ರಾಗ ಹೇಗೆ ಹರಿಯುತ್ತದೆ ನೋಡಲಿ. ಮುದಗಲ್ಲಿನ ಮೊಹರಂನ ರಿವಾಯತ್ ಪದ, ಗೀಗೀ ಪದ, ದರೋಜಿ ಈರಮ್ಮನವರ ಬುರ್ರಕಥೆ, ಇವುಗಳಲ್ಲೆಲ್ಲ ಮುಂದೆ ಒಬ್ಬರು, ಹಿಂದೆ ಹಿಮ್ಮೇಳ. ಇದು ಮನೆಗೆ ಹೇಳಿಮಾಡಿಸಿದ ಕ್ರಮ. ಪೂರ್ತಿ ಪದ ಬಾರದ ಎಂಟು ವರ್ಷದವಳೂ ಹಿಮ್ಮೇಳದ ಒಂದು ಸಾಲನ್ನು ಮೊದಲ ದಿನವೇ ಗಟ್ಟಿಯಾಗಿ ಹಾಡಬಹುದು. ವಾರಕ್ಕೊಮ್ಮೆ ಮುಂದಿನ ಸಾಲು ಹಾಡುವವರು ಬದಲಾಗಲಿ.

ಅಜ್ಜಿಯನ್ನು ತಾಳಕ್ಕಷ್ಟೇ ಸೀಮಿತ ಮಾಡಬೇಡಿ. ಬೀಸುವ ಪದ, ಸೋಬಾನೆ, ಜೋಗುಳ ಅವರಿಗೆ ಬಂದೇ ಬರುತ್ತವೆ, "ನಂಗೇನ್ ಬರಂಗಿಲ್ಲ" ಎಂದೇ ಶುರು ಮಾಡುತ್ತಾರೆ. ಮೈಕು ಮುಂದಿಟ್ಟು ಕೇಳಿದರೆ ನೆನಪಾಗುವುದಿಲ್ಲ. ಅಕ್ಕಿ ಹಸನು ಮಾಡುವಾಗ, ಬತ್ತಿ ಹೊಸೆಯುವಾಗ ಮೊಮ್ಮಗಳು ಪಕ್ಕ ಕೂತು ಕೇಳಲಿ. ಮೊಬೈಲನ್ನು ಒಂದಡಿ ದೂರದಲ್ಲಿ ಮಡಚಿದ ಟವೆಲ್ ಮೇಲಿಡಿ, ನೆಲದ ಮೇಲಿಟ್ಟರೆ ಪ್ರತಿ ಸದ್ದೂ ದಡ್ ಅನ್ನುತ್ತದೆ. ಏರೋಪ್ಲೇನ್ ಮೋಡ್ ಹಾಕಿ, ಫ್ಯಾನ್ ಆರಿಸಿ. ಶುರುವಿನಲ್ಲಿ ಅಜ್ಜಿಯ ಹೆಸರು, ತವರೂರು, ತಾರೀಖು, ಪದವನ್ನು ಯಾರಿಂದ ಕಲಿತರು ಎಂಬುದನ್ನು ಮಾತಲ್ಲೇ ಹೇಳಿಸಿ. ಅವರ ಶ್ರುತಿಯನ್ನು ಪೇಟಿಗೆ ಎಳೆಯಬೇಡಿ, ಅವರು ಹಾಡಿದ್ದೇ ಸರಿ. ಮಗ ಅದನ್ನು ಕೇಳಿ ಅಜ್ಜಿ ಉಚ್ಚರಿಸಿದ ಹಾಗೆಯೇ ಬರೆಯಲಿ. "ಹೋಗ್ಯಾಳ" ಇದ್ದದ್ದನ್ನು "ಹೋಗಿದ್ದಾಳೆ" ಮಾಡಿದರೆ ಸಾಲು ತಾಳಕ್ಕೆ ಕೂರುವುದಿಲ್ಲ. ಎರಡು ಕಡೆ ಪ್ರತಿ ಇಟ್ಟುಕೊಳ್ಳಿ.

ಪೇಟಿ, ತಬಲಾ ತಗಡಿನ ಮನೆಯ ಅಟ್ಟದ ಮೇಲೆ ಇಡಬೇಡಿ. ಬಿಸಿಲಿಗೆ ತಬಲಾದ ಚರ್ಮ ಬಿಗಿದು ಶ್ರುತಿ ಏರುತ್ತದೆ, ಮಳೆಗಾಲದಲ್ಲಿ, ನಿಮ್ಮ ಕಾಲುವೆ ಸೀಮೆಯಲ್ಲಂತೂ, ಸಡಿಲಾಗಿ ಇಳಿಯುತ್ತದೆ. ಪೇಟಿಯ ಒಂದು ಸ್ವರ ಒತ್ತದೆಯೂ ಕೂಗುತ್ತಿದ್ದರೆ ಪಟ್ಟಿಯ ಕೆಳಗೆ ಕಸ ಸಿಕ್ಕಿದೆ, ಇಲ್ಲವೇ ಸ್ಪ್ರಿಂಗ್ ಸೋತಿದೆ. ಒತ್ತಿದರೂ ಕೂಗದಿದ್ದರೆ ರೀಡಿನ ನಾಲಗೆಯಲ್ಲಿ ಧೂಳು. ತೆಳು ಕಾಗದ ಸರಿಸಿ ತೆಗೆಯಿರಿ, ಎಣ್ಣೆ ಹಾಕಲೇಬೇಡಿ. ತಿದಿಗೆ ಗಾಳಿ ತುಂಬಿ ಏನೂ ಒತ್ತದೆ ಬಿಟ್ಟರೆ ಅದು ನಿಧಾನ ಇಳಿಯಬೇಕು, ಫಕ್ಕನೆ ಕುಸಿದರೆ ಇಲಿ ಕಡಿದಿದೆಯೇ ನೋಡಿ.

ಗುರುಗಳ ಹತ್ತಿರ ಯಾವಾಗ ಕಳಿಸಬೇಕು ಎಂಬ ನಿಮ್ಮ ಕೊನೆಯ ಪ್ರಶ್ನೆಗೆ: ಮಗಳು ತಂಬೂರಿಗೆ ತಾನಾಗಿ ಷಡ್ಜ ಕೂಡಿಸುವ ಹೊತ್ತಿಗೆ ಕಳಿಸಿ, ಸಂಗೀತದ ಜೂನಿಯರ್ ಪರೀಕ್ಷೆಯ ಮಾತು ಮೊದಲ ವರ್ಷ ಎತ್ತಬೇಡಿ. ಮಗನನ್ನು ಈಗಲೇ ತಬಲಾಕ್ಕೆ ಹಚ್ಚಬಹುದು. ಹಾಡುವ ಪಾಠವನ್ನು ದನಿ ಒಂದೇ ಷಡ್ಜದಲ್ಲಿ ಮೂರು-ನಾಲ್ಕು ತಿಂಗಳು ನಿಂತ ಮೇಲೆ ಶುರು ಮಾಡಿಸಿ.