ಲೊಥರಿಂಗಿಯಾ ಎಂಬ ಹೆಸರು ಎಲ್ಲಿಂದ ಬಂತು?

ಪ್ರಶ್ನೆ: ಇಂದಿನ ಫ್ರಾನ್ಸಿನ ಲೊರೇನ್ ಪ್ರದೇಶದ ಹೆಸರಿಗೆ ಮಧ್ಯಯುಗದ ಲೊಥರಿಂಗಿಯಾ ರಾಜ್ಯವೇ ಮೂಲವೆಂದು ಓದಿದೆ. ಆ ರಾಜ್ಯಕ್ಕೆ ಹೆಸರು ಬಂದದ್ದು ಅಲ್ಲಿನ ಯಾವುದಾದರೂ ಬುಡಕಟ್ಟಿನಿಂದಲೇ?

ಉತ್ತರ: ಅಲ್ಲ. ಫ್ರಾಂಕರಿಂದ ಫ್ರಾನ್ಸ್, ಆಂಗ್ಲರಿಂದ ಇಂಗ್ಲೆಂಡ್ ಎಂಬ ಹೆಸರುಗಳು ಬಂದಿರುವಾಗ ನಿಮ್ಮ ಊಹೆ ಸಹಜವೇ. ಆದರೆ ಲೊಥರಿಂಗಿಯಾ ಹೆಸರು ಪಡೆದದ್ದು ಒಬ್ಬ ದೊರೆಯಿಂದ, 855ರಿಂದ 869ರವರೆಗೆ ಆಳಿದ ಎರಡನೆಯ ಲೊಥಾರನಿಂದ.

ಫ್ರಾಂಕರ ಸಾಮ್ರಾಟ ಷಾರ್ಲಮೇನನ ಸಾಮ್ರಾಜ್ಯವನ್ನು ಅವನ ಮೂವರು ಮೊಮ್ಮಕ್ಕಳು 843ರ ವರ್ಡನ್ ಒಪ್ಪಂದದಲ್ಲಿ ಹಂಚಿಕೊಂಡಾಗ, ಉತ್ತರ ಸಮುದ್ರದ ದಡದಿಂದ ಇಟಲಿಯವರೆಗೆ ಚಾಚಿದ ನಡುವಿನ ಪಾಲು ಸಾಮ್ರಾಟ ಒಂದನೆಯ ಲೊಥಾರನದಾಯಿತು. ಅವನು 855ರಲ್ಲಿ ಅದನ್ನು ತನ್ನ ಮಕ್ಕಳಿಗಾಗಿ ಮತ್ತೆ ಮೂರು ಮಾಡಿ ಇಟಲಿಯನ್ನು ಲೂಯಿಗೆ, ಪ್ರೊವಾನ್ಸನ್ನು ಚಾರ್ಲ್ಸನಿಗೆ, ಆಖೆನ್, ಮೆಟ್ಸ್, ಟ್ರಿಯರ್ ಪಟ್ಟಣಗಳಿದ್ದ ಉತ್ತರದ ಭಾಗವನ್ನು ತನ್ನದೇ ಹೆಸರಿನ ಮಗನಿಗೆ ಕೊಟ್ಟನು. ಈ ಕೊನೆಯ ಪಾಲನ್ನು ಏನೆಂದು ಕರೆಯಬೇಕೆಂಬುದೇ ತೊಡಕಾಗಿತ್ತು. ಅಲ್ಲಿ ಫ್ರಾಂಕರಿದ್ದರು, ಆದರೆ ಅವರು ಪೂರ್ವ ಮತ್ತು ಪಶ್ಚಿಮದ ರಾಜ್ಯಗಳಲ್ಲೂ ಇದ್ದರು, ಉತ್ತರದಲ್ಲಿ ಫ್ರೀಸಿಯನ್ನರಿದ್ದರು, ಜನರ ಮಾತು ಒಂದೆಡೆ ಲ್ಯಾಟಿನ್ ಮೂಲದ್ದಾದರೆ ಇನ್ನೊಂದೆಡೆ ಜರ್ಮನ್ ಮೂಲದ್ದು. ಹೀಗಾಗಿ ಬರಹಗಾರರು ಅದನ್ನು ಲ್ಯಾಟಿನ್ನಿನಲ್ಲಿ 'ರೆಗ್ನುಮ್ ಲೊಥಾರಿಯಿ', ಅಂದರೆ ಲೊಥಾರನ ರಾಜ್ಯ, ಎಂದೇ ಕರೆದರು. ಆ ಹೆಸರಿಗೆ, ಒಬ್ಬನಿಗೆ ಸೇರಿದ ಜನರನ್ನು ಸೂಚಿಸುವ 'ಇಂಗ್' ಎಂಬ ಜರ್ಮಾನಿಕ್ ಪ್ರತ್ಯಯ ಕೂಡಿದಾಗ ಲೊಥಾರನ ಜನರೂ ಅವರ ನಾಡಾದ ಲೊಥರಿಂಗಿಯಾವೂ ರೂಪುಗೊಂಡವು.

ಹೆಸರಿಗೆ ಕಾರಣ ತಂದೆಯೇ ಇರಬಾರದೇಕೆ ಎಂದು ಕೇಳುವವರಿದ್ದಾರೆ. ತಂದೆಯ ರಾಜ್ಯದಲ್ಲಿ ಇಟಲಿಯೂ ಪ್ರೊವಾನ್ಸೂ ಸೇರಿದ್ದವು. ಆದರೆ ಈ ಹೆಸರು ಉಳಿದುಬಂದದ್ದು ಮಗನ ಪಾಲಿನ ನೆಲಕ್ಕೆ. ಈ ಕಾರಣದಿಂದ ಮಗನ ಪರವಾದ ವಾದವೇ ನನಗೆ ಹೆಚ್ಚು ಬಲವಾಗಿ ಕಾಣುತ್ತದೆ.

ವಿಸ್ಮಯವೆಂದರೆ ಆ ರಾಜ್ಯ ಬಾಳಿದ್ದು ಬಹಳ ಕಡಿಮೆ ಕಾಲ. ಎರಡನೆಯ ಲೊಥಾರನ ರಾಣಿ ಥಾಯ್ಟ್‌ಬೆರ್ಗಾಗೆ ಮಕ್ಕಳಿರಲಿಲ್ಲ. ಅವನು ಅವಳನ್ನು ತೊರೆದು ತನ್ನ ಪ್ರೇಯಸಿ ವಾಲ್ಡ್ರಾಡಾಳನ್ನು ವರಿಸಲು ಪೋಪ್ ಒಂದನೆಯ ನಿಕೊಲಸ್ ಒಪ್ಪದ ಕಾರಣ, ವಾಲ್ಡ್ರಾಡಾಳ ಮಗ ಹ್ಯೂಗೋ ವಾರಸುದಾರನಾಗಲಿಲ್ಲ. 869ರಲ್ಲಿ ಲೊಥಾರ್ ಇಟಲಿಯ ಪಿಯಾಚೆಂಜಾದಲ್ಲಿ ತೀರಿಕೊಂಡನು. ಮರುವರ್ಷವೇ ಚಿಕ್ಕಪ್ಪಂದಿರಿಬ್ಬರು ಮೇರ್ಸನ್ ಒಪ್ಪಂದದ ಮೂಲಕ ರಾಜ್ಯವನ್ನು ಹಂಚಿಕೊಂಡರು. ಆದರೂ ಅಲ್ಲಿನ ಶ್ರೀಮಂತ ಮನೆತನಗಳು ಒಂದು ಗುಂಪಾಗಿಯೇ ನಡೆದುಕೊಂಡವು; 911ರಲ್ಲಿ ಪಶ್ಚಿಮದ ದೊರೆಯನ್ನು ತಾವಾಗಿಯೇ ಒಪ್ಪಿಕೊಂಡವು. 925ರಲ್ಲಿ ನಾಡು ಜರ್ಮನಿಯ ಒಂದನೆಯ ಹೆನ್ರಿಯ ಕೈಸೇರಿತು. 959ರಲ್ಲಿ ಅದು ಮೇಲಣ ಮತ್ತು ಕೆಳಗಣ ಲೊಥರಿಂಗಿಯಾ ಎಂದು ಎರಡಾಯಿತು. ಕೆಳಗಣ ಭಾಗದಲ್ಲಿ ಕ್ರಮೇಣ ಬ್ರಬಾಂಟ್ ಮೊದಲಾದ ಹೆಸರುಗಳು ಬಳಕೆಗೆ ಬಂದವು. ಮೇಲಣ ಭಾಗವೇ ಜರ್ಮನ್ನರಿಗೆ ಲೋಥ್ರಿಂಗೆನ್, ಫ್ರೆಂಚರಿಗೆ ಲೊರೇನ್ ಆಗಿ ಉಳಿಯಿತು.